ಮೊಬೈಲ್ ಡೇಟಾ ಸಾಕಾ, ಏರ್‌ಫೈಬರ್ ಬೇಕಾ, ಕೇಬಲ್ ಎಳೆಸಬೇಕಾ? ಬೆಂಗಳೂರಿನ ಬಾಡಿಗೆ ಮನೆಯವರಿಗೆ ಮಾರ್ಗದರ್ಶಿ

ಹೊಸ ಬಾಡಿಗೆ ಮನೆಯಲ್ಲಿ ಹಾಲು ಉಕ್ಕಿಸಿ, ಸಾಮಾನು ಇಳಿಸಿ, ಗ್ಯಾಸ್ ಜೋಡಿಸಿ ಆದ ತಕ್ಷಣ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ನೆಟ್‌ಗೆ ಏನು ಮಾಡೋದು?" ಮೊಬೈಲ್ ಡೇಟಾದಲ್ಲೇ ನಡೆಯುತ್ತಾ? ಏರ್‌ಫೈಬರ್ ಅಂತ ಬಂದಿದೆಯಲ್ಲ, ಅದು ಒಳ್ಳೆಯದಾ? ಪಕ್ಕದ ಮನೆಯವರದ್ದೇ ಕನೆಕ್ಷನ್ ತಗೊಳ್ಳೋಣವಾ? ಬಸವನಗುಡಿಯಿಂದಲೂ ಇದೇ ಪ್ರಶ್ನೆ ಬರುತ್ತದೆ, ವೈಟ್‌ಫೀಲ್ಡ್‌ನಿಂದಲೂ ಇದೇ ಬರುತ್ತದೆ. ಅದಕ್ಕೇ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. "ಬೆಂಗಳೂರಲ್ಲಿ ಯಾವ ಕಂಪನಿ ಚೆನ್ನಾಗಿದೆ?" ಅನ್ನೋ ಪ್ರಶ್ನೆಗೆ ಉತ್ತರವೇ ಇಲ್ಲ. ನಿಮ್ಮ ಬೀದಿಗೆ ಯಾವುದು ಸರಿ, ನಿಮ್ಮ ಮಹಡಿಗೆ ಯಾವುದು ಸರಿ, ನೀವು ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುವ ಕೋಣೆಗೆ ಯಾವುದು ಸರಿ ಎಂದು ಕೇಳಿಕೊಳ್ಳಬೇಕು. ಅದನ್ನು ನೀವೇ ಅಳೆಯಬಹುದು. ಹೇಗೆ ಅಂತ ಮೂರನೇ ಹಂತದಲ್ಲಿ ವಿವರವಾಗಿ ಹೇಳಿದ್ದೇನೆ. ಬೇರೇನೂ ಓದಲು ಪುರುಸೊತ್ತಿಲ್ಲದಿದ್ದರೂ ಅದೊಂದನ್ನು ಮಾತ್ರ ಬಿಡಬೇಡಿ.

ಬೇಕಾಗಿರುವುದು ಇಷ್ಟೇ: ನಿಮ್ಮ ಫೋನ್, ಬೇರೆ ಕಂಪನಿಯ ಸಿಮ್ ಇರುವ ಇನ್ನೊಂದು ಫೋನ್ (ಗೆಳೆಯರದ್ದೋ, ತಂಗಿಯದ್ದೋ ಆಗಬಹುದು), ಒಂದು ಕಾಗದ, ಪೆನ್ನು. ಜೊತೆಗೆ ಎರಡು ದಿನದ ತಾಳ್ಮೆ.

1. ಹೆಸರುಗಳ ಗೊಂದಲ ಬಿಡಿಸಿಕೊಳ್ಳಿ

"ವೈಫೈ ಹಾಕಿಸಬೇಕು" ಅಂತ ನಾವು ಹೇಳುತ್ತೇವೆ ಅಲ್ವಾ? ವೈಫೈ ಅಂದರೆ ಇಂಟರ್‌ನೆಟ್ ಅಲ್ಲ. ಮನೆಯೊಳಗಿನ ರೂಟರ್ ಡಬ್ಬಿಯಿಂದ ನಿಮ್ಮ ಫೋನಿನವರೆಗಿನ ಕೆಲವು ಅಡಿಗಳ ರೇಡಿಯೋ ಸಂಪರ್ಕಕ್ಕೆ ಮಾತ್ರ ಆ ಹೆಸರು. ಆ ಡಬ್ಬಿಗೆ ಹೊರಗಿನಿಂದ ಇಂಟರ್‌ನೆಟ್ ಬರುವ ದಾರಿ ಬೇರೆಯೇ. ಸಂಪಿಗೆ ಬರುವ ಕಾವೇರಿ ನೀರಿನ ಪೈಪು ಒಂದು, ಟ್ಯಾಂಕಿನಿಂದ ನಲ್ಲಿಗೆ ಬರುವ ಪೈಪು ಇನ್ನೊಂದು, ಹಾಗೆ. ನಲ್ಲಿಯಲ್ಲಿ ನೀರು ಸಣ್ಣಗೆ ಬಂದರೆ ತೊಂದರೆ ಯಾವ ಪೈಪಿನಲ್ಲಿ ಅಂತ ಮೊದಲು ನೋಡಬೇಕು.

ಹೊರಗಿನಿಂದ ಬರುವ ದಾರಿಗಳು ಇವು.

ಮೊಬೈಲ್ ಡೇಟಾ: ಟವರ್‌ನಿಂದ ನೇರ ಫೋನಿನ ಸಿಮ್‌ಗೆ. ಇದನ್ನೇ ಹಾಟ್‌ಸ್ಪಾಟ್ ಮಾಡಿ ಲ್ಯಾಪ್‌ಟಾಪ್‌ಗೂ ಕೊಡಬಹುದು.

ಏರ್‌ಫೈಬರ್: ಹೆಸರಲ್ಲಿ ಫೈಬರ್ ಇದ್ದರೂ ನಿಮ್ಮ ಮನೆಗೆ ಫೈಬರ್ ಬರುವುದಿಲ್ಲ. ತಾರಸಿ ಮೇಲೋ ಕಿಟಕಿ ಹತ್ತಿರವೋ ಒಂದು ಆಂಟೆನಾ ಕೂರಿಸುತ್ತಾರೆ. ಅದು ಟವರ್‌ನಿಂದ 5ಜಿ ಸಿಗ್ನಲ್ ಹಿಡಿದು ಒಳಗಿನ ರೂಟರ್‌ಗೆ ಕೊಡುತ್ತದೆ. ಜಿಯೋ ಇದನ್ನು 2023ರ ಸೆಪ್ಟೆಂಬರ್‌ನಲ್ಲಿ ಶುರು ಮಾಡಿದಾಗ ಮೊದಲ 8 ನಗರಗಳಲ್ಲಿ ಬೆಂಗಳೂರೂ ಇತ್ತು. ಏರ್‌ಟೆಲ್‌ನಲ್ಲೂ ಇದೇ ಥರದ್ದು ಇದೆ.

ಫೈಬರ್: ಕಂಬದಿಂದ ಮನೆಯವರೆಗೆ ಎಳೆಯುವ ತೆಳ್ಳನೆಯ ಗಾಜಿನ ಎಳೆಯ ಕೇಬಲ್. ಒಳಗೆ ಹರಿಯುವುದು ಬೆಳಕು.

ಇನ್ನೂ ಒಂದಿದೆ. ಊರಿನ ಅಂಚಿನ ಹೊಸ ಲೇಔಟ್‌ಗಳಲ್ಲಿ ಸ್ಥಳೀಯ ಸಣ್ಣ ಕಂಪನಿಗಳು ತಾರಸಿಯಿಂದ ತಾರಸಿಗೆ ಚಿಕ್ಕ ಡಿಶ್ ಇಟ್ಟು ನೆಟ್ ಕೊಡುತ್ತವೆ. ಎದುರಿಗೆ ಹೊಸ ಕಟ್ಟಡ ಎದ್ದರೆ ಇದರ ಕಥೆ ಅಲ್ಲಿಗೆ ಮುಗಿಯುತ್ತದೆ. ಬೇರೆ ಏನೂ ಸಿಗದಿದ್ದಾಗ ಮಾತ್ರ ಇದನ್ನು ನೋಡಿ.

2. ನಿಮಗೆ ಎಷ್ಟು ಬೇಕು ಅಂತ ಲೆಕ್ಕ ಹಾಕಿ

ಒಂದು ಗಂಟೆಯ ವಿಡಿಯೋ ಮೀಟಿಂಗ್‌ಗೆ ಸುಮಾರು 1 ಜಿಬಿ ಅಂತ ಇಟ್ಟುಕೊಳ್ಳಿ. ಟಿವಿಯಲ್ಲಿ ಎಚ್‌ಡಿ ಸಿನಿಮಾ ನೋಡಿದರೆ ಗಂಟೆಗೆ 3 ಜಿಬಿವರೆಗೆ ಹೋಗಬಹುದು, 4ಕೆ ಆದರೆ 7 ಜಿಬಿವರೆಗೂ.

ಈಗ ಲೆಕ್ಕ. ದಿನಕ್ಕೆ 3 ಗಂಟೆ ಮೀಟಿಂಗ್, ತಿಂಗಳಿಗೆ 22 ದಿನ ಕೆಲಸ: 66 ಜಿಬಿ. ರಾತ್ರಿ 2 ಗಂಟೆ ಟಿವಿ: ತಿಂಗಳಿಗೆ 180 ಜಿಬಿ. ಒಟ್ಟು 246 ಜಿಬಿ. ದಿನಕ್ಕೆ 2 ಜಿಬಿಯ ರೀಚಾರ್ಜ್ ತಿಂಗಳಿಗೆ ಕೊಡುವುದು 60 ಜಿಬಿ. ಅಂದರೆ ಮೀಟಿಂಗ್‌ಗೇ ಸಾಲದು. ದಿನದ ಪಾಲು ಮುಗಿದ ಮೇಲೆ ವೇಗ ಸಾಮಾನ್ಯವಾಗಿ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಅದರಲ್ಲಿ ವಾಟ್ಸ್ಆ್ಯಪ್ ಮೆಸೇಜ್ ಹೋದರೆ ಹೆಚ್ಚು. ಕೆಲವು ಪ್ಲಾನ್‌ಗಳಲ್ಲಿ 5ಜಿಗೆ ಈ ಮಿತಿ ಇರುವುದಿಲ್ಲ. ಆದರೆ ನಿಮ್ಮ ಕೋಣೆಯಲ್ಲಿ 5ಜಿ ನಿಲ್ಲದೆ ಫೋನ್ 4ಜಿಗೆ ಜಾರಿದರೆ, ಖರ್ಚಾಗುವುದು ಆ 2 ಜಿಬಿಯೇ. ಇದು ಬಹಳ ಜನ ಗಮನಿಸದೆ ಸಿಕ್ಕಿಬೀಳುವ ಜಾಗ.

ವೇಗದ ಲೆಕ್ಕದಲ್ಲೂ ಒಂದು ಎಚ್ಚರಿಕೆ. ಕಂಪನಿಗಳು ಹೇಳುವ 100 ಎಂಬಿಪಿಎಸ್‌ನಲ್ಲಿ ಇರುವುದು ಮೆಗಾಬಿಟ್. ನಾವು ಫೈಲ್ ಅಳೆಯುವುದು ಮೆಗಾಬೈಟ್‌ನಲ್ಲಿ. 8 ಬಿಟ್ ಸೇರಿದರೆ 1 ಬೈಟ್. ಹಾಗಾಗಿ 100 ಎಂಬಿಪಿಎಸ್‌ನಲ್ಲಿ ಫೈಲ್ ಇಳಿಯುವುದು ಸೆಕೆಂಡಿಗೆ ಹೆಚ್ಚೆಂದರೆ 12.5 ಎಂಬಿ. ಅದು ಮೋಸ ಅಲ್ಲ, ಅಳತೆಯೇ ಬೇರೆ.

3. ನಿಮ್ಮ ಕೋಣೆಯಲ್ಲೇ ಸಿಗ್ನಲ್ ಅಳೆಯಿರಿ

ಫೋನಿನ ಮೇಲಿನ ಗೀಟುಗಳನ್ನು ನಂಬಬೇಡಿ. ಎಷ್ಟು ಸಿಗ್ನಲ್‌ಗೆ ಎಷ್ಟು ಗೀಟು ಅಂತ ಫೋನ್ ಮಾಡಿದವರು ತಮಗೆ ತೋಚಿದಂತೆ ಇಟ್ಟಿರುತ್ತಾರೆ. ಒಂದೇ ಮೇಜಿನ ಮೇಲೆ ಒಂದೇ ಕಂಪನಿಯ ಸಿಮ್ ಇರುವ ಎರಡು ಫೋನ್ ಬೇರೆ ಬೇರೆ ಗೀಟು ತೋರಿಸಬಹುದು.

ನೋಡಬೇಕಾದ್ದು ಅಸಲಿ ಸಂಖ್ಯೆ. ಆಂಡ್ರಾಯ್ಡ್ ಆದರೆ ಸೆಟ್ಟಿಂಗ್ಸ್‌ಗೆ ಹೋಗಿ, ಅಬೌಟ್ ಫೋನ್, ಅದರೊಳಗೆ ಸಿಮ್ ಸ್ಟೇಟಸ್ ತೆರೆಯಿರಿ. ಸಿಗ್ನಲ್ ಸ್ಟ್ರೆಂತ್ ಅಂತ ಇರುತ್ತದೆ. ಕೆಲವು ಫೋನ್‌ಗಳಲ್ಲಿ ಇದು ಸ್ಟೇಟಸ್ ಅನ್ನೋ ಹೆಸರಿನ ಒಳಗೆ ಅಡಗಿರುತ್ತದೆ. ಐಫೋನ್ ಆದರೆ ಕರೆ ಮಾಡುವ ಜಾಗದಲ್ಲಿ *3001#12345#* ಒತ್ತಿ ಕರೆ ಗುಂಡಿ ಒತ್ತಿ.

ಅಲ್ಲಿ ಕಾಣುವ ಸಂಖ್ಯೆಯ ಅಳತೆಗೆ ಡಿಬಿಎಂ ಎಂದು ಹೆಸರು. ಹಿಂದೆ ಮೈನಸ್ ಇರುತ್ತದೆ. ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೆಯದು. ಮೈನಸ್ 80 ಅಂದರೆ ಚೆನ್ನಾಗಿದೆ. ಮೈನಸ್ 90ರ ಆಸುಪಾಸು ನಡೆಯುತ್ತದೆ. ಮೈನಸ್ 100 ದಾಟಿದರೆ ಸೊರಗಿದೆ. ಮೈನಸ್ 110 ದಾಟಿದರೆ ಆ ಕೋಣೆಯಲ್ಲಿ ಮೀಟಿಂಗ್ ಮಾಡುವ ಆಸೆ ಬಿಡಿ. ಇಲ್ಲಿ 10 ಅಂದರೆ ಚಿಕ್ಕ ವ್ಯತ್ಯಾಸ ಅಂದುಕೊಳ್ಳಬೇಡಿ. 10 ಇಳಿದರೆ ಸಿಗ್ನಲ್‌ನ ಶಕ್ತಿ ಹತ್ತನೇ ಒಂದು ಪಾಲಿಗೆ ಇಳಿದಂತೆ. 20 ಇಳಿದರೆ ನೂರನೇ ಒಂದು ಪಾಲು.

ನಾನು ಇರುವುದು 30×40 ಸೈಟಿನ ನೆಲಮಹಡಿಯಲ್ಲಿ. ಎರಡೂ ಪಕ್ಕ ಮನೆ, ನಡುವೆ ಒಬ್ಬರು ಅಡ್ಡಡ್ಡ ನಡೆಯುವಷ್ಟು ಸಂದು. ಅಡುಗೆಮನೆ ಕಿಟಕಿಯ ಕಟ್ಟೆ ಮೇಲೆ ಫೋನ್ ಇಟ್ಟಾಗ ಮೈನಸ್ 84. ಹಾಲ್‌ನ ಸೋಫಾ ಮೇಲೆ ಮೈನಸ್ 97. ಒಳಕೋಣೆಯ ಮಂಚದ ಮೇಲೆ ಮೈನಸ್ 113. ಅಡುಗೆಮನೆಯಿಂದ ಮಂಚಕ್ಕೆ ಇಪ್ಪತ್ತು ಹೆಜ್ಜೆ ಕೂಡ ಇಲ್ಲ. ಅದೇ ಸಿಮ್, ಅದೇ ಫೋನ್. ಮಧ್ಯೆ ಎರಡು ಇಟ್ಟಿಗೆ ಗೋಡೆ, ಒಂದು ಸ್ಟೀಲ್ ಬೀರು, ಅಷ್ಟೇ.

ಗೋಡೆ ಇಷ್ಟು ಕಾಡಲು ಕಾರಣ ಅಲೆಯ ಆವರ್ತನ, ಅಂದರೆ ಅಲೆ ಸೆಕೆಂಡಿಗೆ ಎಷ್ಟು ಸಲ ಏರಿಳಿಯುತ್ತದೆ ಅನ್ನೋದು. 700 ಮೆಗಾಹರ್ಟ್ಸ್‌ನಂಥ ಕಡಿಮೆ ಆವರ್ತನ ದೂರ ಹೋಗುತ್ತದೆ, ಗೋಡೆಯನ್ನೂ ತೂರುತ್ತದೆ, ಆದರೆ ಅದರಲ್ಲಿ ಕಂಪನಿಗಳಿಗೆ ಸಿಕ್ಕಿರುವ ಜಾಗ ಕಡಿಮೆ. 5ಜಿಯ ಜೋರು ವೇಗ ಬರುವುದು 3300 ಮೆಗಾಹರ್ಟ್ಸ್‌ನಲ್ಲಿ. ಅದರಲ್ಲಿ ಜಾಗ ಧಾರಾಳ, ಆದರೆ ಗೋಡೆ ಬಂದರೆ ಸುಸ್ತಾಗುತ್ತದೆ. ಅದಕ್ಕೇ ಬಾಲ್ಕನಿಯಲ್ಲಿ ಓಡುವ 5ಜಿ ಮಲಗುವ ಕೋಣೆಯಲ್ಲಿ ಕುಂಟುತ್ತದೆ.

ಈಗ ಕಾಗದದ ಮೇಲೆ ಮನೆಯ ನಕ್ಷೆ ಸುಮ್ನೆ ಗೀಚಿ. ಪ್ರತಿ ಕೋಣೆಯಲ್ಲೂ ಎರಡೂ ಸಿಮ್‌ಗಳ ಸಂಖ್ಯೆ ಬರೆಯಿರಿ. ಫೋನನ್ನು ಒಂದು ಕಡೆ ಇಟ್ಟು ಅರ್ಧ ನಿಮಿಷ ಬಿಡಿ. ಸಂಖ್ಯೆ ಅಲ್ಲಾಡುತ್ತಿರುತ್ತದೆ, ನಡುವಿನದ್ದನ್ನು ಹಿಡಿಯಿರಿ.

ಆಮೇಲೆ ವೇಗದ ಪರೀಕ್ಷೆ. ಟ್ರಾಯ್, ಅಂದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ ಮೈಸ್ಪೀಡ್ ಆ್ಯಪ್ ಇದೆ, ಅದು ಸಾಕು. ಮೂರು ಹೊತ್ತು ನೋಡಿ: ಬೆಳಿಗ್ಗೆ 7ಕ್ಕೆ, ಮಧ್ಯಾಹ್ನ ಕೆಲಸದ ಹೊತ್ತಲ್ಲಿ, ರಾತ್ರಿ 9.30ಕ್ಕೆ. ರಾತ್ರಿಯದ್ದೇ ನಿಜವಾದ ಪರೀಕ್ಷೆ. ಒಂದು ಟವರ್‌ನ ಸಾಮರ್ಥ್ಯವನ್ನು ಸುತ್ತಲಿನ ಬೀದಿಗಳವರೆಲ್ಲ ಹಂಚಿಕೊಳ್ಳುತ್ತಾರೆ. ಊಟ ಮುಗಿಸಿ ಎಲ್ಲರೂ ಫೋನ್ ಹಿಡಿದಾಗ ನಿಮ್ಮ ಪಾಲು ಇಳಿಯುತ್ತದೆ. ಸಿಗ್ನಲ್ ಮೈನಸ್ 80 ಇದ್ದೂ ವೇಗ ಇಲ್ಲದಿದ್ದರೆ ಕಾರಣ ಸಾಮಾನ್ಯವಾಗಿ ಇದೇ.

ಫಲಿತಾಂಶದಲ್ಲಿ ಡೌನ್‌ಲೋಡ್ ಒಂದನ್ನೇ ನೋಡಬೇಡಿ. ಅಪ್‌ಲೋಡ್ ಅಂದರೆ ನಿಮ್ಮಿಂದ ಹೊರಗೆ ಹೋಗುವ ವೇಗ. ಮೀಟಿಂಗ್‌ನಲ್ಲಿ ನಿಮ್ಮ ಮುಖ, ದನಿ ಹೋಗುವುದು ಇದರಲ್ಲೇ. ಪಿಂಗ್ ಅಥವಾ ಲೇಟೆನ್ಸಿ ಅಂದರೆ ಒಂದು ಸಂದೇಶ ಹೋಗಿ ಬರಲು ಹಿಡಿಯುವ ಸಮಯ. ಅದು ಒಮ್ಮೆ 30, ಇನ್ನೊಮ್ಮೆ 300 ಮಿಲಿಸೆಕೆಂಡ್ ಅಂತ ಕುಣಿಯುತ್ತಿದ್ದರೆ ಮಾತು ತುಂಡು ತುಂಡಾಗುತ್ತದೆ, ಡೌನ್‌ಲೋಡ್ ಎಷ್ಟೇ ಇರಲಿ.

ಎಚ್ಚರಿಕೆ: ವೇಗದ ಪರೀಕ್ಷೆಯೇ ಡೇಟಾ ತಿನ್ನುತ್ತದೆ. 300 ಎಂಬಿಪಿಎಸ್‌ನಲ್ಲಿ 10 ಸೆಕೆಂಡ್ ಓಡಿದರೆ 375 ಎಂಬಿ ಹೋಯಿತು. ಗೆಳೆಯರ ಫೋನ್ ಆದರೆ ಮೊದಲೇ ಹೇಳಿಬಿಡಿ.

4. ಈಗ ಆರಿಸಿಕೊಳ್ಳಿ

ಪಿಜಿಯಲ್ಲಿ ಒಬ್ಬರೇ ಇದ್ದೀರಿ, ಟಿವಿ ಇಲ್ಲ, ಹಾಸಿಗೆ ಪಕ್ಕ ಮೈನಸ್ 95ಕ್ಕಿಂತ ಒಳ್ಳೆಯ 5ಜಿ ಇದೆ: ಮೊಬೈಲ್ ಡೇಟಾ ಸಾಕು. ಬೇರೆ ಏನಕ್ಕೂ ದುಡ್ಡು ಹಾಕಬೇಡಿ.

ಮನೆಯಿಂದ ಕೆಲಸ, ಮಕ್ಕಳು, ಟಿವಿ ಎಲ್ಲ ಇದೆ, ಬೀದಿಗೆ ಫೈಬರ್ ಬಂದಿದೆ: ಕಣ್ಣು ಮುಚ್ಚಿ ಫೈಬರ್ ತಗೊಳ್ಳಿ. ಮಳೆ ಬಂದರೂ, ರಾತ್ರಿ 9.30 ಆದರೂ ಅದರ ವೇಗ ಹೆಚ್ಚು ಕುಣಿಯುವುದಿಲ್ಲ.

ಫೈಬರ್ ಬಂದಿಲ್ಲ, ಅಥವಾ ಓನರ್ ಗೋಡೆ ಕೊರೆಯಲು ಬಿಡುತ್ತಿಲ್ಲ: ಆಗ ಏರ್‌ಫೈಬರ್. ಫೋನಿಗಿಂತ ಇದು ಮೇಲು, ಯಾಕೆಂದರೆ ಆಂಟೆನಾ ದೊಡ್ಡದು, ತಾರಸಿಯ ಮೇಲಿದ್ದರೆ ಗೋಡೆಯ ಕಾಟವೂ ಇಲ್ಲ. ಆದರೆ ಟವರ್ ಮಾತ್ರ ಎಲ್ಲರಿಗೂ ಒಂದೇ. ಹಾಗಾಗಿ ರಾತ್ರಿಯ ಪರೀಕ್ಷೆಯನ್ನು ತಾರಸಿ ಮೇಲೆ ನಿಂತು ಅದೇ ಕಂಪನಿಯ 5ಜಿ ಸಿಮ್‌ನಲ್ಲಿ ಮಾಡಿ. ಅಲ್ಲೇ ವೇಗ ಸೋತರೆ ಆಂಟೆನಾ ಹಾಕಿಸಿಯೂ ಪ್ರಯೋಜನ ಕಡಿಮೆ. ಓನರ್ ಒಪ್ಪಿಗೆ ಇಲ್ಲದೆ ತಾರಸಿಯಲ್ಲಿ ಏನನ್ನೂ ಕೂರಿಸಬೇಡಿ. ಸಿಂಟೆಕ್ಸ್ ಟ್ಯಾಂಕಿನ ಹಿಂದೆ ಆಂಟೆನಾ ಕಟ್ಟಿ ಹೋಗಲೂ ಬಿಡಬೇಡಿ, ನೀರು ತುಂಬಿದ ಟ್ಯಾಂಕ್ ಸಿಗ್ನಲ್‌ಗೆ ಗೋಡೆಯಂತೆಯೇ.

ಅಪಾರ್ಟ್‌ಮೆಂಟ್ ಆದರೆ ಮೊದಲು ಅಸೋಸಿಯೇಷನ್‌ನವರನ್ನು ಕೇಳಿ. ಎಷ್ಟೋ ಕಡೆ ಒಂದೆರಡು ಕಂಪನಿಗಳ ಕೇಬಲ್ ಮಾತ್ರ ಒಳಗೆ ಬಂದಿರುತ್ತದೆ.

ಮನೆಯ ಸಿಸಿ ಕ್ಯಾಮೆರಾವನ್ನು ಕಂಪನಿಯ ಆ್ಯಪ್ ಇಲ್ಲದೆ ನೇರವಾಗಿ ಹೊರಗಿನಿಂದ ನೋಡಬೇಕು ಅನ್ನುವವರಿಗೆ ಮೊಬೈಲ್ ಡೇಟಾದಲ್ಲಿ ತೊಂದರೆ ಆಗುತ್ತದೆ. ಅಲ್ಲಿ ಇಂಟರ್‌ನೆಟ್‌ನ ಒಂದೇ ಸಾರ್ವಜನಿಕ ವಿಳಾಸವನ್ನು (ಪಬ್ಲಿಕ್ ಐಪಿ) ತುಂಬಾ ಗ್ರಾಹಕರು ಹಂಚಿಕೊಂಡಿರುತ್ತಾರೆ. ಏರ್‌ಫೈಬರ್, ಫೈಬರ್‌ನವರಲ್ಲೂ ಮೊದಲೇ "ಪಬ್ಲಿಕ್ ಐಪಿ ಕೊಡ್ತೀರಾ" ಅಂತ ಕೇಳಿ.

5. ದುಡ್ಡು ಕೊಡುವ ಮುಂಚೆ

ಬ್ರಾಡ್‌ಬ್ಯಾಂಡ್ ದರದಲ್ಲಿ ಸಾಮಾನ್ಯವಾಗಿ ಜಿಎಸ್‌ಟಿ ಸೇರಿರುವುದಿಲ್ಲ. 499 ಅಂತ ಬರೆದಿದ್ದರೆ 18% ಸೇರಿಸಿ 588 ರೂಪಾಯಿ 82 ಪೈಸೆ. ಮೊಬೈಲ್ ರೀಚಾರ್ಜ್‌ನಲ್ಲಿ ತೆರಿಗೆ ಸೇರಿಯೇ ಇರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸುವಾಗ ಇದನ್ನು ಮರೆಯಬೇಡಿ.

"ಅನ್‌ಲಿಮಿಟೆಡ್" ಪದದ ಕೆಳಗೆ ಸಣ್ಣ ಅಕ್ಷರ ಓದಿ. ಎಫ್‌ಯುಪಿ ಅಂತ ಇರುತ್ತದೆ. ತಿಂಗಳಿಗೆ ಇಷ್ಟು ಬಳಸಿದ ಮೇಲೆ ವೇಗ ಇಳಿಸುತ್ತೇವೆ ಅಂತ ಅದರ ಅರ್ಥ. ಏರ್‌ಫೈಬರ್‌ನಲ್ಲಿ ಈ ಮಿತಿ ಫೈಬರ್‌ಗಿಂತ ಕಡಿಮೆ ಇರುವುದು ಸಾಮಾನ್ಯ. ನಿಮ್ಮ ಎರಡನೇ ಹಂತದ ಲೆಕ್ಕ ಇಲ್ಲಿ ಕೆಲಸಕ್ಕೆ ಬರುತ್ತದೆ.

ಹಾಗೇ ಇವನ್ನೂ ಕೇಳಿ: ಇನ್‌ಸ್ಟಾಲೇಷನ್ ಎಷ್ಟು? ರೂಟರ್ ನಮ್ಮದಾ ನಿಮ್ಮದಾ? ಬಿಟ್ಟರೆ ಡೆಪಾಸಿಟ್ ವಾಪಸ್ ಬರುತ್ತಾ? ಮನೆ ಬದಲಾಯಿಸಿದರೆ ಕನೆಕ್ಷನ್ ಜೊತೆಗೆ ಬರುತ್ತಾ? ಉತ್ತರವನ್ನು ಬಾಯಿಮಾತಲ್ಲಿ ಬಿಡಬೇಡಿ, ಮೆಸೇಜ್‌ನಲ್ಲೇ ಕಳಿಸಲು ಹೇಳಿ.

ವರ್ಷದ ದುಡ್ಡು ಒಟ್ಟಿಗೆ ಕಟ್ಟಿದರೆ ಒಂದೆರಡು ತಿಂಗಳು ಉಚಿತ ಅನ್ನುತ್ತಾರೆ. ನಾನು ಹಾಗೆ ಕಟ್ಟಿ, ಐದನೇ ತಿಂಗಳಲ್ಲಿ ಮನೆ ಖಾಲಿ ಮಾಡಬೇಕಾಯಿತು. ಹೊಸ ಏರಿಯಾದಲ್ಲಿ ಆ ಕಂಪನಿಯ ಲೈನೇ ಇರಲಿಲ್ಲ. ಉಳಿದ ಏಳು ತಿಂಗಳ ದುಡ್ಡು ಬರಲಿಲ್ಲ. ಹನ್ನೊಂದು ತಿಂಗಳ ಅಗ್ರಿಮೆಂಟ್‌ನಲ್ಲಿ ಇರುವವರು ತಿಂಗಳು ತಿಂಗಳು ಕಟ್ಟುವುದೇ ಸರಿ, ಸ್ವಲ್ಪ ಜಾಸ್ತಿ ಆದರೂ.

6. ಹಾಕಿಸುವ ದಿನ

ಕೇಬಲ್ ಎಳೆಯಲು ಬಂದವರು ಬಾಗಿಲ ಪಕ್ಕದಲ್ಲೇ ರೂಟರ್ ಇಟ್ಟು ಹೊರಡುತ್ತಾರೆ. ಬಿಡಬೇಡಿ. ಮನೆಯ ನಡುವೆ, ಎದೆ ಎತ್ತರದಲ್ಲಿ, ಬಯಲಾಗಿ ಇಡಿಸಿ. ಟಿವಿ ಹಿಂದೆ, ಚಪ್ಪಲಿ ಸ್ಟ್ಯಾಂಡ್ ಒಳಗೆ, ಸ್ಟೀಲ್ ಬೀರು ಪಕ್ಕ, ಮೀನಿನ ತೊಟ್ಟಿ ಹಿಂದೆ ಬೇಡ. ಫೈಬರ್ ಕೇಬಲನ್ನು ಬಾಗಿಲ ಸಂದಿಯಲ್ಲಿ ಮಡಚಿ ತರಲೂ ಬೇಡ. ಗಾಜಿನ ಎಳೆ, ತೀರಾ ಬಗ್ಗಿಸಿದರೆ ಬೆಳಕು ಸೋರುತ್ತದೆ, ಮುರಿಯಲೂಬಹುದು.

ರೂಟರ್ ಎರಡು ಅಲೆಗಳಲ್ಲಿ ಕೆಲಸ ಮಾಡುತ್ತದೆ. 2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ, ನಿಧಾನ. ಅಪಾರ್ಟ್‌ಮೆಂಟ್‌ನಲ್ಲಿ ಅಕ್ಕಪಕ್ಕದವರೆಲ್ಲ ಇದರಲ್ಲೇ ಇರುವುದರಿಂದ ಸಂತೆಯಂತಾಗಿರುತ್ತದೆ, ಮೈಕ್ರೋವೇವ್ ಓವನ್ ಹಚ್ಚಿದರೂ ಕೆಡುತ್ತದೆ. 5 ಗಿಗಾಹರ್ಟ್ಸ್ ವೇಗ, ಆದರೆ ಒಂದೆರಡು ಗೋಡೆಗೇ ಸೋಲುತ್ತದೆ. ಲ್ಯಾಪ್‌ಟಾಪ್, ಟಿವಿಗೆ 5, ದೂರದ ಕೋಣೆಗೆ 2.4. ಈ 5 ಗಿಗಾಹರ್ಟ್ಸ್‌ಗೂ ಮೊಬೈಲ್‌ನ 5ಜಿಗೂ ಸಂಬಂಧ ಇಲ್ಲ. ವೈಫೈನಲ್ಲಿ 5 ಅಂದರೆ ಆವರ್ತನ, ಮೊಬೈಲ್‌ನಲ್ಲಿ ಐದನೇ ತಲೆಮಾರು.

ರೂಟರ್ ಜೊತೆ ಬಂದ ಪಾಸ್‌ವರ್ಡ್ ಅವತ್ತೇ ಬದಲಿಸಿ. ಸುರಕ್ಷತೆಯಲ್ಲಿ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಆರಿಸಿ. ಮನೆ ನಂಬರನ್ನೇ ವೈಫೈ ಹೆಸರಾಗಿ ಇಡಬೇಡಿ.

ಇನ್ನೊಂದು ಉಪಕಾರದ ಸಂಗತಿ: ವೈಫೈ ಕಾಲಿಂಗ್. ಫೋನ್ ಸೆಟ್ಟಿಂಗ್ಸ್‌ನ ಸಿಮ್ ಭಾಗದಲ್ಲಿ ಇರುತ್ತದೆ. ಆನ್ ಮಾಡಿದರೆ, ಟವರ್ ಸಿಗ್ನಲ್ ಬಾರದ ಕೋಣೆಯಲ್ಲೂ ಮಾಮೂಲಿ ಫೋನ್ ಕರೆ ವೈಫೈ ಮೂಲಕ ಬರುತ್ತದೆ. ನನ್ನ ಆ ಮೈನಸ್ 113ರ ಕೋಣೆಯಲ್ಲಿ ಅಮ್ಮನಿಗೆ ಊರಿಂದ ಬರುವ ಕರೆಗಳು ತಪ್ಪುತ್ತಿದ್ದವು. ಇದನ್ನು ಆನ್ ಮಾಡಿದ ಮೇಲೆ ತಪ್ಪಿಲ್ಲ.

7. ಕರೆಂಟ್ ಮತ್ತು ಮಳೆಗೆ ತಯಾರಿ

ನಮ್ಮೂರಿನಲ್ಲಿ ಇದನ್ನು ಬಿಟ್ಟರೆ ಲೇಖನ ಪೂರ್ತಿ ಆಗುವುದಿಲ್ಲ. ಬೆಸ್ಕಾಂ ಕರೆಂಟ್ ಹೋದರೆ ಫೈಬರ್‌ನ ಗಾಜಿಗೆ ಏನೂ ಆಗದು, ನಿಮ್ಮ ರೂಟರ್ ಆರುತ್ತದೆ. ಯುಪಿಎಸ್ ಇಲ್ಲದ ಮನೆಗೆ ರೂಟರ್‌ಗೆಂದೇ ಬರುವ ಪುಟ್ಟ ಯುಪಿಎಸ್ ಸಿಗುತ್ತದೆ. ತರುವ ಮುಂಚೆ ರೂಟರ್ ಅಡಾಪ್ಟರ್ ಹಿಂದೆ ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಅಂತ ಬರೆದಿದೆ ನೋಡಿ. ವೋಲ್ಟ್ ಸರಿಯಾಗಿ ಹೊಂದಬೇಕು, ಆಂಪಿಯರ್ ಸಮ ಅಥವಾ ಜಾಸ್ತಿ ಇರಬೇಕು. ಫೈಬರ್ ಬಂದು ಸೇರುವ ಡಬ್ಬಿ ಬೇರೆ, ರೂಟರ್ ಬೇರೆ ಇದ್ದರೆ ಎರಡಕ್ಕೂ ಬೇಕು.

ಏಪ್ರಿಲ್, ಮೇ ತಿಂಗಳ ಗಾಳಿಮಳೆಗೆ ಕೊಂಬೆ ಬಿದ್ದು ಮರದಿಂದ ಮರಕ್ಕೆ ತೂಗುವ ಕೇಬಲ್ ಹರಿಯುತ್ತದೆ. ರಸ್ತೆ ಅಗೆದರೂ ಅಷ್ಟೇ. ಆಗ ಆಸರೆ ಮೊಬೈಲ್ ಡೇಟಾವೇ. ಅದಕ್ಕೆ ನಾನು ಎಲ್ಲರಿಗೂ ಹೇಳುವುದು: ಫೈಬರ್ ಒಂದು ಕಂಪನಿಯದ್ದಾದರೆ ಸಿಮ್ ಇನ್ನೊಂದು ಕಂಪನಿಯದ್ದಿರಲಿ. ಎರಡೂ ಒಬ್ಬರದ್ದೇ ಆದರೆ ಒಂದೇ ಏಟಿಗೆ ಎರಡೂ ಹೋಗಬಹುದು.

ಹಾಟ್‌ಸ್ಪಾಟ್ ಹಚ್ಚುವಾಗ ಫೋನನ್ನು ಸಿಗ್ನಲ್ ಚೆನ್ನಾಗಿರುವ ಕಿಟಕಿಯಲ್ಲಿಡಿ, ಬಿಸಿಲಿಗಲ್ಲ. ವಿಂಡೋಸ್ ಲ್ಯಾಪ್‌ಟಾಪ್ ಆದರೆ ಆ ಹಾಟ್‌ಸ್ಪಾಟನ್ನು "ಮೀಟರ್ಡ್ ಕನೆಕ್ಷನ್" ಎಂದು ಗುರುತಿಸಿ. ಇಲ್ಲದಿದ್ದರೆ ಅಪ್‌ಡೇಟ್‌ಗಳು ತಾವಾಗಿ ಇಳಿದು ದಿನದ ಡೇಟಾ ಅರ್ಧ ಗಂಟೆಯಲ್ಲಿ ಖಾಲಿ.

ರೈಲು ನಿಲ್ದಾಣ, ಕಾಫಿ ಅಂಗಡಿಯ ವೈಫೈ ತುರ್ತಿಗೆ ಸರಿ. ಬ್ಯಾಂಕ್, ಯುಪಿಐ ಕೆಲಸ ಇದ್ದರೆ ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲೇ ಮಾಡಿ. ಅದೇ ಹೆಸರಿನ ನಕಲಿ ವೈಫೈ ಯಾರು ಬೇಕಾದರೂ ಎಬ್ಬಿಸಬಹುದು.

8. ಸ್ಲೋ ಆದಾಗ, ಬಿಡಬೇಕೆಂದಾಗ

ದೂರು ಕೊಡುವ ಮುಂಚೆ ರೂಟರ್‌ನಿಂದ ಮೂರು ಅಡಿ ದೂರದಲ್ಲಿ ನಿಂತು ವೇಗ ನೋಡಿ. ಸಾಧ್ಯವಾದರೆ ಲ್ಯಾಪ್‌ಟಾಪ್‌ಗೆ ಲ್ಯಾನ್ ಕೇಬಲ್ ಚುಚ್ಚಿ ನೋಡಿ. ಅಲ್ಲಿ ಚೆನ್ನಾಗಿದ್ದು ಕೋಣೆಯಲ್ಲಿ ಇಲ್ಲದಿದ್ದರೆ ತೊಂದರೆ ನಿಮ್ಮ ವೈಫೈನದ್ದು, ರೂಟರ್ ಜಾಗ ಬದಲಿಸಿ. ಅಲ್ಲೇ ಇಲ್ಲದಿದ್ದರೆ ಕಂಪನಿಯ ಲೈನಿನದ್ದು. ಆಗ ಕಂಪನಿಗೆ ದೂರು ಕೊಟ್ಟು ಡಾಕೆಟ್ ನಂಬರ್, ಅಂದರೆ ದೂರಿನ ಸಂಖ್ಯೆ, ಬರೆದಿಟ್ಟುಕೊಳ್ಳಿ. ಆ ಸಂಖ್ಯೆ ಇಲ್ಲದ ದೂರು ದೂರೇ ಅಲ್ಲ. ಪರಿಹಾರ ಸಿಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಅದೇ ಸಂಖ್ಯೆ ಹಾಕಿ ಬರೆಯಿರಿ. ಟ್ರಾಯ್ ಒಬ್ಬೊಬ್ಬ ಗ್ರಾಹಕರ ದೂರನ್ನು ತಾನು ವಿಚಾರಿಸುವುದಿಲ್ಲ, ಅಲ್ಲಿಗೆ ಬರೆದು ಕಾಯಬೇಡಿ.

ಸಿಮ್ ಕಂಪನಿ ಬದಲಿಸುವುದು ಸುಲಭ. ನಂಬರ್ ಅದೇ ಉಳಿಯುತ್ತದೆ. ಇಂಗ್ಲಿಷ್ ದೊಡ್ಡಕ್ಷರದಲ್ಲಿ ಪೋರ್ಟ್ ಎಂದು ಬರೆದು, ಜಾಗ ಬಿಟ್ಟು, ನಿಮ್ಮ ಹತ್ತಂಕಿಯ ನಂಬರ್ ಹಾಕಿ 1900ಕ್ಕೆ ಎಸ್‌ಎಂಎಸ್ ಮಾಡಿ. ಯುಪಿಸಿ ಅನ್ನುವ ಸಂಕೇತ ಬರುತ್ತದೆ. ಅದಕ್ಕೆ ಆಯಸ್ಸು 4 ದಿನ. ಅಷ್ಟರಲ್ಲಿ ಆಧಾರ್ ಹಿಡಿದು ಹೊಸ ಕಂಪನಿಯ ಅಂಗಡಿಗೆ ಹೋಗಿ. ಈಗಿನ ಕಂಪನಿಯಲ್ಲಿ 90 ದಿನ ಆಗಿರಬೇಕು, ಪೋಸ್ಟ್‌ಪೇಯ್ಡ್ ಆದರೆ ಬಾಕಿ ತೀರಿಸಿರಬೇಕು.

ಹಳೆ ಸಿಮ್ ಸತ್ತು ಹೊಸದು ಎದ್ದೇಳುವ ನಡುವೆ ಕೆಲವು ಗಂಟೆ ನಂಬರ್ ಕೆಲಸ ಮಾಡುವುದಿಲ್ಲ. ಹೊಸ ಸಿಮ್ ಹಾಕಿದ ಮೊದಲ ದಿನ ಬ್ಯಾಂಕಿನ ಒಟಿಪಿ ಬರುವುದೂ ತಡವಾಗಬಹುದು. ಹಾಗಾಗಿ ಬಾಡಿಗೆ ಕಟ್ಟುವ ದಿನ, ಇಎಂಐ ಕಟ್ಟುವ ದಿನ, ಊರಿಗೆ ಟಿಕೆಟ್ ಬುಕ್ ಮಾಡುವ ದಿನ ಪೋರ್ಟ್ ಇಟ್ಟುಕೊಳ್ಳಬೇಡಿ. ಆ ಕೆಲಸಗಳನ್ನು ಹಿಂದಿನ ದಿನವೇ ಮುಗಿಸಿ, ಕೈಯಲ್ಲಿ ಸ್ವಲ್ಪ ನಗದು ಇಟ್ಟುಕೊಳ್ಳಿ.